ಬೆನ್ನಿಲ್ಲದ ಬೆಂಚು

2020, ಏಪ್ರಿಲ್ 19, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. "ಪಕ್ಕದ ಬಾಲ್ಕನಿ. ಮೇಲೆತ್ತಿದ ಬಲಗೈ. ಅದರಲ್ಲಿ ಹಳದಿ ಬಾವುಟ." ನನ್ನ ದಿನಚರಿಯಲ್ಲಿ ಅವರು ಮೊದಲು ಬರುವುದು ಹೀಗೆ.

ಕೈಯಷ್ಟೇ ಕಾಣುತ್ತಿತ್ತು. ನಗೋಯಾದಲ್ಲಿ ನಾನಿರುವ ಕಟ್ಟಡದಲ್ಲಿ ಒಂದು ಮನೆಯ ಬಾಲ್ಕನಿಗೂ ಪಕ್ಕದ ಮನೆಯದಕ್ಕೂ ನಡುವೆ ತೆಳ್ಳನೆಯ ಹಲಗೆಯೊಂದು ಅಡ್ಡ ಇರುತ್ತದೆ. ಬೆಂಕಿ ಬಿದ್ದರೆ ಇದನ್ನು ಒಡೆದು ಆಚೆಗೆ ಹೋಗಿ ಎಂದು ಅದರ ಮೇಲೆ ಬರೆದಿರುತ್ತದೆ. ಆ ಹಲಗೆಯ ಅಂಚಿನಾಚೆ, ಕಂಬಿಯಿಂದ ಹೊರಗೆ, ಮಡಿಸುವ ಕೋಲೊಂದನ್ನು ಹಿಡಿದ ಕೈ ಅಲುಗದೆ ನಿಂತಿತ್ತು. ಹಿಂದೆ ಹೆಂಗಸಿನ ದನಿ.

"ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಎಲ್ಲರೂ ಇದ್ದೀರಿ. ಎಡಗಡೆ ಕಾಣುವುದು ಚರ್ಚು. ಅದನ್ನು ಆಮೇಲೆ ನೋಡೋಣ. ಮೊದಲು ತೋಇರೆ."

ತೋಇರೆ ಎಂದರೆ ಶೌಚಾಲಯ. ಅಷ್ಟು ಜಪಾನೀ ಭಾಷೆ ಆಗ ನನಗೆ ಬರುತ್ತಿತ್ತು. ನಾನು ಕಂಬಿಯ ಹೊರಗೆ ಬಗ್ಗಿ ನೋಡಿದೆ. ಅರವತ್ತರ ಹತ್ತಿರದ, ಸಣ್ಣ ಮೈಕಟ್ಟಿನ ಹೆಂಗಸು. ನನ್ನನ್ನು ಕಂಡು ಬಾವುಟ ಇಳಿಸಿ ತಲೆ ಬಾಗಿಸಿದರು. ಬಾವುಟ ಇಳಿಸಿದ ಮೇಲೂ ಅವರ ಬಲ ಹೆಗಲು ಇಳಿಯಲಿಲ್ಲ. ಅದು ಎಡ ಹೆಗಲಿಗಿಂತ ಒಂದು ಬೆರಳು ಎತ್ತರದಲ್ಲೇ ಉಳಿಯಿತು. ಆಮೇಲೂ ಅದು ಹಾಗೇ ಇತ್ತು, ಕೊನೆಯವರೆಗೂ.

"ಸುಮಿಮಾಸೆನ್, ಕ್ಷಮಿಸಿ. ಗಲಾಟೆಯಾಯಿತೆ?"

"ಇಲ್ಲ. ಯಾರ ಜೊತೆ ಮಾತಾಡ್ತಾ ಇದ್ದೀರಿ?"

"ಇಪ್ಪತ್ತು ಜನರ ಜೊತೆ. ಈ ಹೊತ್ತಿಗೆ ನಾವು ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಇರಬೇಕಾಗಿತ್ತು. ಗುಂಪು ರದ್ದಾಯಿತು. ಹಳ್ಳಿ ರದ್ದಾಗಿಲ್ಲವಲ್ಲ."

ಪ್ರವಾಸದ ಗುಂಪನ್ನು ಕರೆದೊಯ್ಯುವವರಿಗೆ ಜಪಾನಿನಲ್ಲಿ ತೆಂಜೋಇನ್ ಎನ್ನುತ್ತಾರೆ. ನಾನು ಅವರನ್ನು ತೆಂಜೋಇನ್-ಸಾನ್ ಎಂದು ಕರೆದೆ, ಕೊನೆಯವರೆಗೂ ಹಾಗೇ ಕರೆದೆ. ಅವರ ಹೆಸರು ಬಾಗಿಲ ಮೇಲಿನ ಪಟ್ಟಿಯಲ್ಲಿ ಇತ್ತು. ಇಲ್ಲಿ ಬರೆಯುವುದಿಲ್ಲ. ಗುಂಪಿನ ಮುಂದೆ ನಡೆಯುವವರಿಗೆ ಹೆಸರು ಬೇಡ, ಬಾವುಟ ಕಂಡರೆ ಸಾಕು ಎಂದು ಅವರೇ ಹೇಳುತ್ತಿದ್ದರು.

ನನ್ನ ವಿಷಯ ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಮೈಸೂರಿನವಳು. ಕಾರುಗಳ ಒಳಗೆ ಕೂರುವ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ 2019ರ ಅಕ್ಟೋಬರ್‌ನಲ್ಲಿ ನಗೋಯಾಕ್ಕೆ ಬಂದೆ. ಐದು ತಿಂಗಳು ಸಬ್‌ವೇಯಲ್ಲಿ ಆಫೀಸಿಗೆ ಹೋದೆ, ಆಮೇಲೆ ಎಲ್ಲ ಬಾಗಿಲುಗಳೂ ಮುಚ್ಚಿದವು. ನಾಲ್ಕನೇ ಮಹಡಿಯ ಒಂದು ಕೋಣೆ, ಒಂದು ಮೇಜು, ಒಂದು ಬಾಲ್ಕನಿ. ಎರಡನೇ ಮಹಡಿಯಲ್ಲಿ ನನ್ನ ಸಹೋದ್ಯೋಗಿಯ ಹೆಂಡತಿ ಸುಷ್ಮಾ ಅಕ್ಕ ಮತ್ತು ಅವರ ಆರು ವರ್ಷದ ಮಗಳು ಅನ್ವಿ ಇದ್ದರು. ನನಗೆ ಅಲ್ಲಿ ಸಿಗುತ್ತಿದ್ದ ಕನ್ನಡ ಅಷ್ಟೇ. ಅನ್ವಿ ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನೀ ಭಾಷೆಯಲ್ಲಿ ಉತ್ತರಿಸುತ್ತಿದ್ದಳು.

ತೆಂಜೋಇನ್-ಸಾನ್ ಇಪ್ಪತ್ತೆಂಟು ವರ್ಷ ಜಪಾನೀ ಪ್ರವಾಸಿಗಳನ್ನು ಫ್ರಾನ್ಸಿಗೆ ಕರೆದೊಯ್ದವರು. ಪ್ಯಾರಿಸ್ ಅವರಿಗೆ ವಿಮಾನ ಬದಲಿಸುವ ಊರು. ಅವರದೇನಿದ್ದರೂ ಸಣ್ಣ ಊರುಗಳು, ಹಳ್ಳಿಗಳು. ನದಿಯ ಬಂಡೆಗೆ ಅಂಟಿಕೊಂಡವು, ಬೆಟ್ಟದ ತುದಿಯಲ್ಲಿ ಗೋಡೆ ಕಟ್ಟಿಕೊಂಡು ಕುಳಿತವು, ಇನ್ನೂರು ಜನ ಇದ್ದು ಮೂರು ಬೀದಿ ಇರುವಂಥವು. ಆ ಏಪ್ರಿಲ್‌ನದು ನಿವೃತ್ತಿಗೆ ಮುಂಚಿನ ಕೊನೆಯ ಪ್ರವಾಸವಾಗಬೇಕಿತ್ತು. ಅದರ ದಿನದ ಪಟ್ಟಿಯ ಪ್ರಕಾರ ಅವರು ಬಾಲ್ಕನಿಯಿಂದ ಪ್ರತಿ ಊರನ್ನೂ ತೋರಿಸಿದರು. ಒಂಬತ್ತು ದಿನ. ಎರಡನೇ ದಿನದಿಂದ ನಾನೂ ನನ್ನ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತೆ. ಅವರು ಎಣಿಕೆಯನ್ನು ಇಪ್ಪತ್ತೊಂದಕ್ಕೆ ಏರಿಸಿದರು.

ಅವರ ಕೆಲಸದ ಒಂದು ಪದ ನನಗೆ ಬೇಗ ಪರಿಚಯವಾಯಿತು: ಶಿತಾಮಿ. ಗುಂಪು ಬರುವ ಮೊದಲೇ ಹೋಗಿ ಊರನ್ನು ನೋಡಿಟ್ಟುಕೊಳ್ಳುವುದು. ಚರ್ಚಿಗೆ ಎಷ್ಟು ಮೆಟ್ಟಿಲು, ಕೈಹಿಡಿ ಇದೆಯೇ, ಬೀದಿಯ ಕಲ್ಲುಗಳ ಸಂದಿನಲ್ಲಿ ಎಂಥ ಚಪ್ಪಲಿ ಸಿಕ್ಕಿಕೊಳ್ಳುತ್ತದೆ, ಮಧ್ಯಾಹ್ನ ಮೂರಕ್ಕೆ ಯಾವ ಗೋಡೆಯ ನೆರಳಿನಲ್ಲಿ ಇಪ್ಪತ್ತು ಜನ ನಿಲ್ಲಬಹುದು, ಮತ್ತು ಎಲ್ಲಕ್ಕೂ ಮೊದಲು, ತೋಇರೆ ಎಲ್ಲಿ. ಅವರ ಬಾಯಲ್ಲಿ ಫ್ರಾನ್ಸ್ ದೇಶ ಹೀಗೇ ಬರುತ್ತಿತ್ತು. ಸುಂದರ ಎಂಬ ಮಾತನ್ನು ನಾನು ಅವರಿಂದ ಕೇಳಿಲ್ಲ. "ಈ ಊರಿನ ಮಾಂಸದಂಗಡಿಯವನು ಕೇಳಿದರೆ ಕುರ್ಚಿ ಕೊಡುತ್ತಾನೆ" ಎನ್ನುತ್ತಿದ್ದರು. "ಈ ಊರಿನ ನಲ್ಲಿಯ ನೀರು ಕುಡಿಯಬಾರದು, ಬೋರ್ಡು ಹೂವಿನ ಕುಂಡದ ಹಿಂದೆ ಇದೆ."

ಅದನ್ನು ನಾನು ಹೇಳಿದಾಗ ಸುಷ್ಮಾ ಅಕ್ಕ ನಕ್ಕರು. "ಅಲ್ಲ ಕಣೇ, ಇಪ್ಪತ್ತೆಂಟು ವರ್ಷ ಫ್ರಾನ್ಸ್‌ಗೆ ಹೋಗಿ ಬರೀ ಟಾಯ್ಲೆಟ್ ನೋಡ್ಕೊಂಡ್ ಬಂದಿದಾರಾ?"

ಆದರೂ ಜೂನ್‌ನಲ್ಲಿ ನಿರ್ಬಂಧಗಳು ಸ್ವಲ್ಪ ಸಡಿಲವಾದಾಗ ಅನ್ವಿಯನ್ನು ಕರೆದುಕೊಂಡು ಅವರೂ ಬಂದರು. ನಮ್ಮ ಕಟ್ಟಡದ ಹಿಂದೆ ಒಂದು ಕಾಲುವೆ ಇದೆ, ಅದರ ದಂಡೆಯಲ್ಲಿ ನಡೆಯುವ ದಾರಿ. ತೆಂಜೋಇನ್-ಸಾನ್ ಬಾವುಟ ಎತ್ತಿ ಮುಂದೆ ನಡೆದರು. ನಾವು ಮೂವರು ಮಾಸ್ಕ್ ಹಾಕಿಕೊಂಡು ಹಿಂದೆ. ಸೈಕಲ್ ನಿಲ್ದಾಣ ಊರಬಾಗಿಲಾಯಿತು. ಪಂಪ್‌ಹೌಸ್ ಚರ್ಚಾಯಿತು. ಚರ್ಚಿನ ಎದುರು ಯುದ್ಧದಲ್ಲಿ ಸತ್ತವರ ಹೆಸರಿನ ಕಲ್ಲು ಇರುತ್ತದೆ, ಮನೆತನದ ಹೆಸರು ಒಂದೇ ಇದ್ದವರನ್ನು ಎಣಿಸಿ ಎಂದರು. ಒಂದು ಹಳ್ಳಿಯಲ್ಲಿ ಒಂದೇ ಮನೆಯವರು ನಾಲ್ವರಂತೆ. ಅವರಿಗೆ ಅದು ನೆನಪಿದ್ದದ್ದು ಆ ಕಲ್ಲಿನ ಮುಂದೆ ಮಳೆಯಲ್ಲಿ ಜಾರುತ್ತದೆ ಎಂಬ ಕಾರಣಕ್ಕೆ.

ಮೂಲೆಯ ಕೊಂಬಿನಿ, ಅಂದರೆ ಹಗಲುರಾತ್ರಿ ತೆರೆದಿರುವ ಸಣ್ಣ ಅಂಗಡಿ, ಬೇಕರಿಯಾಯಿತು. ಅಲ್ಲಿ ಅವರು ನಿಂತು ಪಾಠ ಹೇಳಿದರು. ಜಪಾನಿನಲ್ಲಿ ಅಂಗಡಿಯವರು ಸ್ವಾಗತ ಕೂಗುತ್ತಾರೆ, ಗಿರಾಕಿ ಸುಮ್ಮನೆ ಒಳಗೆ ಹೋಗುತ್ತಾನೆ. ಫ್ರಾನ್ಸಿನ ಹಳ್ಳಿಯಲ್ಲಿ ಹಾಗೆ ಸುಮ್ಮನೆ ಒಳಗೆ ಹೋದರೆ ಬೇಕರಿಯ ಹೆಂಗಸು ಮುಖ ತಿರುಗಿಸಿಬಿಡುತ್ತಾಳೆ. ಮೊದಲು ಗಿರಾಕಿಯೇ ನಮಸ್ಕಾರ ಹೇಳಬೇಕು. ಅದಕ್ಕೇ ಬಸ್ಸಿನಲ್ಲಿ ಎಲ್ಲರಿಂದ ಹತ್ತು ಸಲ ಹೇಳಿಸುತ್ತಿದ್ದರಂತೆ. ಆದರೂ ಇಪ್ಪತ್ತು ಜನರೂ ಬಾಗಿಲಲ್ಲಿ ಮೌನವಾಗಿ ತಲೆ ಬಾಗಿಸಿ ಒಳಗೆ ಹೋಗುತ್ತಿದ್ದರಂತೆ.

ಅನ್ವಿ ಕೊಂಬಿನಿಯೊಳಗೆ ಓಡಿಹೋಗಿ "ಬೋಂಝೂರ್!" ಎಂದು ಕೂಗಿದಳು. ಪ್ಲಾಸ್ಟಿಕ್ ಪರದೆಯ ಹಿಂದಿನ ಹುಡುಗ ಬೆಚ್ಚಿ ತಲೆ ಬಾಗಿಸಿದ.

"ಇವಳೊಬ್ಬಳೇ ಪಾಸು" ಎಂದರು ತೆಂಜೋಇನ್-ಸಾನ್.

ದಾರಿಯಲ್ಲಿ ಮೂರು ಬೆಂಚುಗಳಿದ್ದವು. ನಾವು ಕೂತೆವು, ಅವರು ಕೂರಲಿಲ್ಲ. ಮೂರೂ ಕಡೆ ನಿಂತೇ ಇದ್ದರು. ಆ ದಿನ ಅದನ್ನು ಬರೆದುಕೊಂಡೆ, ಯಾಕೆಂದು ಕೇಳಲಿಲ್ಲ.

ಕೇಳುವ ಸಂದರ್ಭ ಅಕ್ಟೋಬರ್‌ನಲ್ಲಿ ಬಂತು. ಸುಷ್ಮಾ ಅಕ್ಕ ಅವರನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಕಿಟಕಿಗಳನ್ನೆಲ್ಲ ತೆರೆದು, ಬಿಸಿಬೇಳೆ ಬಾತು ಮಾಡಿ, ಮೇಜಿನ ಮೇಲೆ ತಟ್ಟೆ ಇಟ್ಟರು. ಸುಷ್ಮಾ ಅಕ್ಕ ರಾಜಾಜಿನಗರದ ಮನೆಯಲ್ಲಿ ಬೆಳೆದವರು. ಬಂದವರು ಊಟ ಮುಗಿಸುವವರೆಗೆ ಬಡಿಸುವವರು ಕೂರುವುದಿಲ್ಲ. ಕುರ್ಚಿ ಎಳೆದು "ದೋಝೋ, ದೋಝೋ, ಕೂತ್ಕೊಳ್ಳಿ" ಎಂದರು.

"ನೀವು ಮೊದಲು" ಎಂದರು ತೆಂಜೋಇನ್-ಸಾನ್.

"ಅಯ್ಯೋ, ನಾನ್ ಆಮೇಲೆ. ಬಡಿಸ್ಬೇಕಲ್ವಾ!"

"ನೀವು ಕೂತರೆ ಕೂರುತ್ತೇನೆ."

ನಾನು ಕೂತಿದ್ದೆ. ಅನ್ವಿ ಕೂತಿದ್ದಳು. ಅವರಿಬ್ಬರು ಮೇಜಿನ ಎರಡು ಕಡೆ ನಿಂತಿದ್ದರು, ಒಬ್ಬರ ಕೈಯಲ್ಲಿ ಸೌಟು. ಬಾತಿನ ಮೇಲಿನ ತುಪ್ಪ ಗಟ್ಟಿಯಾಗತೊಡಗಿತು.

"ಏನೇ ಇದು, ನಮ್ಮತ್ತೆನೂ ಇಷ್ಟು ಹಠ ಮಾಡ್ತಿರ್ಲಿಲ್ಲ" ಎಂದರು ಸುಷ್ಮಾ ಅಕ್ಕ ನನ್ನ ಕಡೆ ತಿರುಗಿ. "ಹೇಳೇ ಅವ್ರಿಗೆ. ಗೆಸ್ಟ್ ನಿಂತಿದ್ರೆ ನಾನ್ ಹೆಂಗ್ ಕೂರ್ಲಿ ಅಂತ."

ನಾನು ಹೇಳಿದೆ. ತೆಂಜೋಇನ್-ಸಾನ್ ಗಂಭೀರವಾಗಿ ಕೇಳಿಸಿಕೊಂಡು, "ಗುಂಪಿನಲ್ಲಿ ಒಬ್ಬರು ನಿಂತಿದ್ದರೂ ನಾನು ಹೇಗೆ ಕೂರಲಿ ಎಂದು ಅವರಿಗೆ ಹೇಳಿ" ಎಂದರು. ಅದನ್ನೂ ಹೇಳಿದೆ.

ಬಿಡಿಸಿದವಳು ಅನ್ವಿ. "ಮಮ್ಮಿ, ವೈ ನೋಬಡಿ ಈಸ್ ಸಿಟಿಂಗ್?" ಎಂದು ಕೇಳಿದಳು. ಮರುಗಳಿಗೆಯಲ್ಲೇ, ಶಾಲೆಯಲ್ಲಿ ಎಲ್ಲರೂ ಒಟ್ಟಿಗೇ ಹಗ್ಗ ಎಳೆಯುವಾಗ ಕೂಗುವ ಹಾಗೆ "ಸೇ... ನೋ!" ಎಂದಳು. ಇಬ್ಬರೂ ಒಂದೇ ಸಲ ಕೂತರು.

ತೆಂಜೋಇನ್-ಸಾನ್ ಕುರ್ಚಿಯ ಅಂಚಿನಲ್ಲೇ ಕೂತು ಚಮಚ ಕೈಗೆತ್ತಿಕೊಂಡರು. ಆಮೇಲೆ, "ಒಂದು ಸಲ ಕೂರಬೇಕಿತ್ತು, ಕೂರಲಿಲ್ಲ" ಎಂದು ಶುರು ಮಾಡಿದರು.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ಸೆಪ್ಟೆಂಬರ್. ದೊರ್ದೋನ್ ನದಿಯ ಕಡೆಯಿಂದ ಓವೆರ್ನ್ ಬೆಟ್ಟಗಳ ಕಡೆಗೆ ಬಸ್ಸು ಹೋಗುತ್ತಿತ್ತು. ರಸ್ತೆ ದುರಸ್ತಿಗಾಗಿ ಹಳದಿ ಬೋರ್ಡು ಇಟ್ಟು ದಾರಿಯನ್ನು ತಿರುಗಿಸಿದ್ದರು. ತಿರುಗಿದ ದಾರಿಯಲ್ಲೇ ಡ್ರೈವರ್ ಕಡ್ಡಾಯವಾಗಿ ಬಸ್ಸು ನಿಲ್ಲಿಸಬೇಕಾದ ಹೊತ್ತು ಬಂತು. ಅಲ್ಲಿನ ಕಾನೂನಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ ಮುಕ್ಕಾಲು ಗಂಟೆ ವಿಶ್ರಾಂತಿ. ನಿಂತದ್ದು ಯಾವುದೋ ಹಳ್ಳಿ. ಶಿತಾಮಿ ಮಾಡಿರದ ಊರು. ಇಪ್ಪತ್ತೆರಡು ಜನರನ್ನು ಇಳಿಸಿ, ತೋಇರೆ ಹುಡುಕಿ, ಎಣಿಸಿ, ನೆರಳಿನಲ್ಲಿ ನಿಲ್ಲಿಸಿದರು. ಚೌಕದಲ್ಲಿ ದೊಡ್ಡದೊಂದು ಮರ, ಕೆಳಗೆ ಕಲ್ಲುಬೆಂಚು, ಅದರ ನಡುವೆ ಟೋಪಿ ಪಕ್ಕಕ್ಕಿಟ್ಟುಕೊಂಡು ಒಬ್ಬ ಮುದುಕ. ಅವನು ಇವರನ್ನು ನೋಡಿ, ಟೋಪಿಯನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಬೆಂಚಿನ ತುದಿಗೆ ಸರಿದು, ಖಾಲಿಯಾದ ಕಲ್ಲನ್ನು ಎರಡು ಸಲ ತಟ್ಟಿದ.

"ನಾನು ಬಾವುಟ ತೋರಿಸಿ, ಕೆಲಸದಲ್ಲಿದ್ದೇನೆ ಎಂದೆ. ಅವನು, ಹಾಗಾದರೆ ಕೆಲಸ ಮುಗಿಸಿ ಬಾ ಎಂದ. ಬರುತ್ತೇನೆ ಎಂದೆ. ಅವನು ಮತ್ತೆ ನಡುವಿಗೆ ಸರಿಯಲೇ ಇಲ್ಲ. ಟೋಪಿ ಮೊಣಕಾಲ ಮೇಲೇ ಇತ್ತು. ಬಸ್ಸು ಹೊರಟಾಗಲೂ ತುದಿಯಲ್ಲೇ ಇದ್ದ."

"ಯಾವೂರು ಅದು?" ಎಂದು ಕೇಳಿದೆ.

"ಗೊತ್ತಿಲ್ಲ."

ಕಂಪನಿಗೆ ಕೊಡುವ ದಿನದ ವರದಿಯಲ್ಲಿ ಪಟ್ಟಿಯಲ್ಲಿದ್ದ ಊರುಗಳಿಗೆ ಮಾತ್ರ ಜಾಗ. ಆ ದಿನದ ವರದಿಯಲ್ಲಿ ಅವರು ಬರೆದದ್ದು, "ಚಾಲಕನ ವಿಶ್ರಾಂತಿ, ತೊಂದರೆಯಿಲ್ಲ." ಊರ ಹೆಸರಿನ ಬೋರ್ಡು ಬರುವ ಹೊತ್ತಿಗೆ ಅವರು ಬಸ್ಸಿನಲ್ಲಿ ಹಿಂದೆ ತಿರುಗಿ ತಲೆ ಎಣಿಸುತ್ತಿದ್ದರು.

2020ರ ಮೇನಲ್ಲಿ ನಿವೃತ್ತಿಯಾದ ಮೇಲೆ ಅವರು ಹೊರಡುವುದೆಂದಿತ್ತು. ಒಬ್ಬರೇ, ಬಾವುಟವಿಲ್ಲದೆ. ಒಂದು ಕಾರು ಗೊತ್ತುಮಾಡಿ ಆ ಬೆಟ್ಟದ ರಸ್ತೆಗಳಲ್ಲಿ ಊರೂರು ಇಳಿದು ನೋಡಿ, ಆ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತು ಬರುವುದು. ಟಿಕೆಟ್ಟೂ ಆಗಿತ್ತು. ಅದೂ ರದ್ದಾಯಿತು.

"ಆ ತಾತ ಇಷ್ಟೊತ್ತಿಗೆ ಇರ್ತಾರಾ?" ಎಂದರು ಸುಷ್ಮಾ ಅಕ್ಕ ಮೆಲ್ಲಗೆ. ನಾನು ಅನುವಾದಿಸಬೇಕೋ ಬೇಡವೋ ಎಂದು ನೋಡಿದೆ. ತೆಂಜೋಇನ್-ಸಾನ್‌ಗೆ ದನಿಯಿಂದಲೇ ಅರ್ಥವಾಗಿತ್ತು.

"ಅವನು ಇರುವುದಿಲ್ಲ. ಜಾಗ ಇರುತ್ತದೆ" ಎಂದರು. "ಮುಂದಿನ ವರ್ಷ ಹೋಗುತ್ತೇನೆ."

ಮುಂದಿನ ವರ್ಷ ಬಂತು. 2021ರ ಮೇ 8ರಂದು ಮೈಸೂರಿನಲ್ಲಿ ನನ್ನ ಅಣ್ಣ ತೀರಿಕೊಂಡ. ಮೂವತ್ನಾಲ್ಕು ವರ್ಷ. ಹಾಸಿಗೆ ಸಿಕ್ಕಿದ್ದು ತಡವಾಗಿತ್ತು ಎಂಬುದರ ಆಚೆಗೆ ನಾನು ಏನೂ ಬರೆದುಕೊಂಡಿಲ್ಲ. ಹೋಗುವಂತಿರಲಿಲ್ಲ. ಹೋದರೆ ವಾಪಸು ಬರಲು ಬಿಡುತ್ತಿರಲಿಲ್ಲ, ಅಮ್ಮನೇ ಬರಬೇಡ ಎಂದಳು. ಆ ಶನಿವಾರ ನಾನು ಬಟ್ಟೆ ಒಗೆದೆ. ಸೋಮವಾರ ಮೀಟಿಂಗಿಗೆ ಕೂತೆ. ಯಾರೋ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ, ಉತ್ತರ ಸರಿಯಿತ್ತು. ದಿನಚರಿಯಲ್ಲಿ ಆ ವಾರ ಹವಾಮಾನ ಮಾತ್ರ ಇದೆ.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಬೆಲ್ ಆಯಿತು. ತೆಂಜೋಇನ್-ಸಾನ್ ನಿಂತಿದ್ದರು. ಮಾಸ್ಕ್, ನಡೆಯುವ ಶೂ, ಕೈಯಲ್ಲಿ ಹಳದಿ ಬಾವುಟ. ಸುಷ್ಮಾ ಅಕ್ಕ ಹೇಳಿದ್ದಿರಬೇಕು. ಸಂತಾಪದ ಮಾತು ಒಂದೂ ಇರಲಿಲ್ಲ.

"ಹೊರಡುವ ಹೊತ್ತಾಯಿತು. ನೀರಿನ ಬಾಟಲಿ ತಗೊಳ್ಳಿ."

ನಾನು ಚಪ್ಪಲಿ ಹಾಕಿಕೊಂಡು ಹಿಂದೆ ಹೋದೆ. ಹೋಗುವುದಿಲ್ಲ ಎನ್ನಲು ಏನಾದರೂ ಯೋಚಿಸಬೇಕಾಗುತ್ತಿತ್ತು. ಕಾಲುವೆಯ ದಂಡೆಯಲ್ಲಿ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಬಾವುಟ ಎಡಕ್ಕೆ ತಿರುಗಿದರೆ ಎಡಕ್ಕೆ, ನಿಂತರೆ ನಿಲ್ಲುವುದು. ಅವರು ಆ ದಿನದ ಹಳ್ಳಿಯನ್ನು ಹೇಳುತ್ತಿದ್ದರು. ಸೋಮವಾರ ಇಲ್ಲಿ ಏನೂ ತೆರೆದಿರುವುದಿಲ್ಲ. ಹನ್ನೆರಡರಿಂದ ಎರಡರವರೆಗೆ ಬೆಕ್ಕುಗಳು ಮಾತ್ರ ಬೀದಿಯಲ್ಲಿರುತ್ತವೆ. ಸೇತುವೆಯ ಹತ್ತಿರ ನಿಂತು, ತಿರುಗಿ, ನನ್ನ ಕಡೆ ಅಂಗೈ ತೋರಿಸಿ ಎಣಿಸಿದರು.

"ಒಬ್ಬರು. ಸರಿಯಿದೆ."

ಪಂಪ್‌ಹೌಸಿನ ಹತ್ತಿರ ಮತ್ತೆ: "ಒಬ್ಬರು. ಸರಿಯಿದೆ."

ಪ್ರತಿ ದಿನ ಬೆಳಿಗ್ಗೆ ಏಳಕ್ಕೆ ಬಂದರು. ಪ್ರತಿ ದಿನ ಬೇರೆ ಊರು. ಒಂದು ದಿನ, ಆ ಹಳ್ಳಿಗಳ ಚರ್ಚಿನ ಗಂಟೆಯ ವಿಷಯ ಹೇಳಿದರು. ಎಷ್ಟೋ ಊರುಗಳಲ್ಲಿ ಗಂಟೆ ಹೊಡೆದ ಎರಡು ನಿಮಿಷಕ್ಕೆ ಅದೇ ಗಂಟೆಯನ್ನು ಇನ್ನೊಮ್ಮೆ ಹೊಡೆಯುತ್ತಾರಂತೆ. ಹೊಲದಲ್ಲಿ ಇದ್ದವನು ಮೊದಲ ಸಲ ಎಣಿಕೆ ತಪ್ಪಿದರೆ ಎರಡನೇ ಸಲ ಎಣಿಸಿಕೊಳ್ಳಲಿ ಎಂದು. ಬೆನ್ನಿಲ್ಲದ ಆ ಬೆಂಚಿನ ಊರಿನಲ್ಲೂ ಹಾಗೇ ಇತ್ತು, ನಾಲ್ಕು ಗಂಟೆ ಎರಡು ಸಲ ಹೊಡೆಯಿತು ಎಂದರು. ಬೆಂಚಿಗೆ ಬೆನ್ನು ಇರಲಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.

"ಬಾವುಟದ ಹಿಂದೆ ಬರುವವರು ದಾರಿ ನೋಡುವುದಿಲ್ಲ" ಎಂದು ಇನ್ನೊಂದು ದಿನ ಹೇಳಿದರು. "ಅದು ತಪ್ಪಲ್ಲ. ಅವರು ಹಣ ಕೊಡುವುದೇ ಅದಕ್ಕೆ."

"ನಾನು ಕೊಟ್ಟಿಲ್ಲ" ಎಂದೆ. ಆ ವಾರಗಳಲ್ಲಿ ಅವರೊಡನೆ ನಾನಾಗಿ ಆಡಿದ ಮಾತು ಅದೊಂದೇ ಇರಬೇಕು.

"ನೀವು ಇಪ್ಪತ್ತೊಂದನೆಯವರು. ರದ್ದಾದ ಪ್ರವಾಸದ ಸೀಟು."

ಹದಿಮೂರನೇ ದಿನ ಮೈಸೂರಿನಲ್ಲಿ ಎಲ್ಲ ಮುಗಿಯಿತು. ಸುಷ್ಮಾ ಅಕ್ಕ ಪಾಯಸ ಮಾಡಿ ತಂದರು. "ತಿನ್ನು ಕಣೇ, ಒಂದ್ ಸ್ಪೂನ್" ಎಂದರು, ತಿಂದೆ. ಮರುದಿನ ಬೆಳಿಗ್ಗೆ ತೆಂಜೋಇನ್-ಸಾನ್ ಬರುವುದಿಲ್ಲ ಎಂದುಕೊಂಡೆ. ಏಳು ಗಂಟೆಗೆ ಬೆಲ್ ಆಯಿತು. ಜೂನ್‌ನಲ್ಲಿ ಮಳೆಗಾಲ ಶುರುವಾದ ಮೇಲೂ ಬಂದರು, ಬಾವುಟದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು. ಜೂನ್ 25ರಂದು ನಡಿಗೆ ಮುಗಿಸಿ ಲಿಫ್ಟಿನ ಮುಂದೆ ನಿಂತು, ಕೋಲನ್ನು ಮಡಿಸಿ, ನನಗೆ ಆಳವಾಗಿ ತಲೆ ಬಾಗಿಸಿದರು.

"ಪ್ರವಾಸ ಇಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಏನಾದರೂ ಮರೆತಿದ್ದೀರಾ, ಒಮ್ಮೆ ನೋಡಿಕೊಳ್ಳಿ."

ಮನೆಗೆ ಬಂದು ದಿನಗಳನ್ನು ಲೆಕ್ಕ ಹಾಕಿದೆ. ಅಣ್ಣ ಹೋಗಿ ನಲವತ್ತೊಂಬತ್ತನೇ ದಿನ. ಇಲ್ಲಿಯವರು ಸತ್ತವರನ್ನು ಬೀಳ್ಕೊಡುವುದು ಆ ದಿನಕ್ಕೆ. ಅವರು ತಮ್ಮ ಲೆಕ್ಕದ ಪ್ರಕಾರ ನಡೆದಿದ್ದರು. ಅದು ಗೊತ್ತಾದ ಮೇಲೂ ನಾನು ಅಳಲಿಲ್ಲ. ಅಕ್ಕಿ ತೊಳೆದು ಇಟ್ಟೆ.

ಅಕ್ಟೋಬರ್‌ನಲ್ಲಿ ಅವರ ಬಲ ಹೆಗಲು ಇನ್ನಷ್ಟು ಎತ್ತರ ಕಂಡಿತು. ಎಡಭಾಗ ಕುಗ್ಗಿತ್ತು. ಹೊಟ್ಟೆಯ ಒಳಗಿನ ಕಾಯಿಲೆ, ಗೊತ್ತಾಗುವ ಹೊತ್ತಿಗೆ ಹರಡಿತ್ತು. ಡಿಸೆಂಬರ್‌ನಲ್ಲಿ ಆಸ್ಪತ್ರೆಗೆ ಸೇರಿದರು. ಹತ್ತಿರದವರು ಎಂದರೆ ಗಿಫುವಿನಲ್ಲಿದ್ದ ಒಬ್ಬ ಸೋದರ ಸೊಸೆ ಮಾತ್ರ. ಆಸ್ಪತ್ರೆಯಲ್ಲಿ ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಫೋನಿನ ಪರದೆಯಲ್ಲಿ ಹದಿನೈದು ನಿಮಿಷ ಮಾತಾಡಬಹುದಿತ್ತು.

ನನಗೆ ಮಾಡಲು ತಿಳಿದದ್ದು ಒಂದೇ. ಅವರು ಹೋಗಲಾರರು, ಊರನ್ನಾದರೂ ತೋರಿಸಬೇಕು. ಕಂಪ್ಯೂಟರಿನ ನಕ್ಷೆಗಳಲ್ಲಿ ಈಗ ರಸ್ತೆಯ ಚಿತ್ರಗಳಿವೆ. ದೊರ್ದೋನ್ ಕಡೆಯಿಂದ ಬೆಟ್ಟದ ಕಡೆಗೆ ಬಸ್ಸು ಹೋಗಬಲ್ಲ ಎಲ್ಲ ಅಡ್ಡದಾರಿಗಳನ್ನೂ ಬರೆದುಕೊಂಡು, ಆಫೀಸಿಗೆ ಮುಂಚೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ, ಹಳ್ಳಿ ಹಳ್ಳಿಯ ಚೌಕದಲ್ಲಿ ಇಳಿದೆ. ಒಂದು ಚೌಕದಲ್ಲಿ ನಾಯಿ ಮಲಗಿತ್ತು. ಒಂದರಲ್ಲಿ ಯಾರೋ ಕಿಟಕಿ ಒರೆಸುತ್ತಿದ್ದರು, ಮುಖ ಮಸುಕು ಮಾಡಿತ್ತು. ಮುಚ್ಚಿದ ಅಂಗಡಿಗಳು, ಜೆರೇನಿಯಂ ಕುಂಡಗಳು, ಹೆಸರಿನ ಕಲ್ಲುಗಳು. ನಾನು ಕಾಲಿಡದ ದೇಶದಲ್ಲಿ ನೂರ ಹನ್ನೆರಡು ಊರು ನೋಡಿದೆ. ಹೋಲುವಂಥ ಚಿತ್ರಗಳನ್ನು ತೆಗೆದಿಟ್ಟು, ಅವರಿಗೆ ಪರದೆಯಲ್ಲಿ ತೋರಿಸುತ್ತಿದ್ದೆ.

"ಇದು?"

"ಅಲ್ಲ. ಇಲ್ಲಿ ಬೆಂಚಿಗೆ ಬೆನ್ನಿದೆ."

"ಇದಕ್ಕೆ ಇಲ್ಲ ನೋಡಿ."

"ಮರ ಬೇರೆ. ನಮ್ಮದರ ಎಲೆ ಹೃದಯದ ಹಾಗಿತ್ತು."

ಅವರ ದನಿ ವಾರದಿಂದ ವಾರಕ್ಕೆ ಸಣ್ಣದಾಯಿತು. ಬೇಡ ಎನ್ನಲಿಲ್ಲ. ಪ್ರತಿ ಸಲವೂ ಕನ್ನಡಕ ಹಾಕಿಕೊಂಡು ಪೂರ್ತಿ ನೋಡುತ್ತಿದ್ದರು. ಒಮ್ಮೆ ಸುಷ್ಮಾ ಅಕ್ಕ ನನ್ನ ಹಿಂದೆ ನಿಂತು ನೋಡಿ, "ಅವ್ರು ಹೇಳೋದು ಬೆಂಚಲ್ಲ ಕಣೇ, ಕಟ್ಟೆ. ಕಟ್ಟೆಗೆ ಎಲ್ಲಿಯ ಬೆನ್ನು?" ಎಂದರು. ಅಂದಿನಿಂದ ಮರದ ಸುತ್ತ ಕಲ್ಲು ಕಟ್ಟಿದ್ದನ್ನೂ ಹುಡುಕಿದೆ. ತೋರಿಸಿದಾಗ ತೆಂಜೋಇನ್-ಸಾನ್, "ಹತ್ತಿರ ಬಂದಿರಿ. ಆದರೆ ಇಬ್ಬರೇ ಕೂರುವಷ್ಟು ಉದ್ದವಿತ್ತು" ಎಂದರು.

2022ರ ಫೆಬ್ರವರಿ 10ರಂದು ಮಧ್ಯಾಹ್ನ ಕೊನೆಯ ಸಲ ಪರದೆಯಲ್ಲಿ ಕಂಡರು. ನಾನು, ಸುಷ್ಮಾ ಅಕ್ಕ, ಅನ್ವಿ. ತೋರಿಸಲು ಹೊಸ ಚಿತ್ರ ಇರಲಿಲ್ಲ, ಹಾಗೆಂದು ಹೇಳಿದೆ.

"ಹುಡುಕುತ್ತಿರಿ" ಎಂದರು. "ಸಿಕ್ಕರೆ ಮೊದಲು..."

"ತೋಇರೆ ವಾ ದೋಕೋ!" ಎಂದು ಅನ್ವಿ ಮುಂದುವರಿಸಿದಳು. ತೋಇರೆ ಎಲ್ಲಿದೆ ಎಂದು. ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಹೊದಿಕೆಯ ಕೆಳಗಿಂದ ಬಲಗೈ ಮೇಲೆ ಬಂತು. ಅಂಗೈ ತೆರೆದು ನಮ್ಮನ್ನು ಒಬ್ಬೊಬ್ಬರಾಗಿ ತೋರಿಸಿದರು.

"ಮೂವರು. ಸರಿಯಿದೆ."

ಐದು ದಿನದ ನಂತರ ಸೋದರ ಸೊಸೆ ಫೋನ್ ಮಾಡಿದರು. ಅಂತ್ಯಕ್ರಿಯೆಗೆ ಮನೆಯವರು ಮಾತ್ರ. ಮಾರ್ಚ್‌ನಲ್ಲಿ ಅವರೇ ಬಂದು ಮನೆ ಖಾಲಿ ಮಾಡಿದರು, ಅಚ್ಚುಕಟ್ಟಾಗಿ. ನಮ್ಮಲ್ಲಿ ಕಸದ ಚೀಲ ಪಾರದರ್ಶಕ. ಶುಕ್ರವಾರ ಸುಡುವ ಕಸದ ಚೀಲವೊಂದರಲ್ಲಿ ಹಳದಿ ಬಟ್ಟೆ ಕಂಡೆ. ಮುಂದಿನ ವಾರ, ಸುಡದ ಕಸದ ದಿನ, ಮಡಿಸಿದ ಕೋಲು. ವಿಂಗಡಣೆ ಸರಿಯಾಗಿತ್ತು, ತೆಂಜೋಇನ್-ಸಾನ್ ಮಾಡಿದ್ದರೂ ಹಾಗೇ ಮಾಡುತ್ತಿದ್ದರು. ಎರಡನ್ನೂ ನಾನು ತೆಗೆದುಕೊಳ್ಳಲಿಲ್ಲ. ನಿಂತು ನೋಡಿ ಒಳಗೆ ಬಂದು ಲಾಗಿನ್ ಆದೆ.

ಆಗಿನಿಂದ ಬೆಳಿಗ್ಗೆ ಏಳಕ್ಕೆ ಕಾಲುವೆಯ ದಂಡೆಯಲ್ಲಿ ನಾನೊಬ್ಬಳೇ ನಡೆಯುತ್ತೇನೆ. ದಾರಿಯನ್ನು ಈಗ ನಾನೇ ನೋಡಿಕೊಳ್ಳಬೇಕು. ಸೇತುವೆಯ ಹತ್ತಿರ ನಿಲ್ಲುತ್ತೇನೆ. ಎಣಿಸುವವರಿಲ್ಲ.

ಬರುವ ಮೇ ತಿಂಗಳಲ್ಲಿ ನನಗೆ ಹನ್ನೊಂದು ದಿನ ರಜೆ ಸಿಕ್ಕಿದೆ. ಮೊದಲು ಮೈಸೂರು. ಅಲ್ಲಿಂದ ಫ್ರಾನ್ಸ್. ಊರಿನ ಹೆಸರು ಇಲ್ಲದೆ ಟಿಕೆಟ್ ತೆಗೆದಿದ್ದೇನೆ, ಈ ಕೆಲಸ ನಾನು ಹಿಂದೆಂದೂ ಮಾಡಿದವಳಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ಆ ಕಡೆ ತಿರುಗಾಡಿದವರು ಯಾರಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ನನಗೊಂದು ಮಾತು ಬರೆಯಬೇಕು. ದೊರ್ದೋನ್ ನದಿಗೂ ಓವೆರ್ನ್ ಬೆಟ್ಟಗಳಿಗೂ ನಡುವೆ, ಮುಖ್ಯ ರಸ್ತೆಯಲ್ಲಿಲ್ಲದ ಹಳ್ಳಿ. ಚೌಕದಲ್ಲಿ ಹೃದಯದಾಕಾರದ ಎಲೆಯ ಒಂದೇ ದೊಡ್ಡ ಮರ. ಚರ್ಚಿನ ಗಂಟೆ ಎರಡು ಸಲ ಹೊಡೆಯುತ್ತದೆ. ಮರದ ಕೆಳಗೆ ಇಬ್ಬರು ಕೂರುವಷ್ಟು ಉದ್ದದ ಕಲ್ಲುಬೆಂಚು. ಊರಿನ ಹೆಸರು ನೆನಪಿಲ್ಲದಿದ್ದರೆ ಹತ್ತಿರದ ದೊಡ್ಡ ಊರಿನದಾದರೂ ಸಾಕು, ಉಳಿದದ್ದನ್ನು ನಾನು ಇಳಿದು ನೋಡುತ್ತೇನೆ. ಒಂದು ಮಾತ್ರ ತಪ್ಪದೆ ತಿಳಿಸಿ: ಬೆಂಚಿಗೆ ಬೆ‌ನ್ನಿದೆಯೋ, ಇಲ್ಲವೋ.